ಹೂವಿಗೆ ಮೂಳೆ ಮುರಿದಿತ್ತಂತೆ

ನಮ್ಮ ಸೋದರತ್ತೆಗೆ ಈ ಶ್ರಾವಣದಲ್ಲಿ 80 ತುಂಬಿತು. ಹುಟ್ಟಿದ ದಿನ ಗುರುವಾರ ಬಂದಿತ್ತು, ಮಾರನೇ ದಿನವೇ ವರಮಹಾಲಕ್ಷ್ಮಿ ಹಬ್ಬ. ಅತ್ತೆ ಇರುವುದು ಬಸವನಗುಡಿಯಲ್ಲಿ, ನಾನಿರುವುದು ವೈಟ್‌ಫೀಲ್ಡಿನಲ್ಲಿ. ಎರಡೂ ಬೆಂಗಳೂರೇ ಅಂತ ಭೂಪಟ ಹೇಳುತ್ತದೆ. ಭೂಪಟ ಮಾಡಿದವರು ಸಂಜೆ ಆರಕ್ಕೆ ಮಾರತಹಳ್ಳಿ ದಾಟಿದವರಲ್ಲ. ವಾರದ ನಡುವೆ ಅತ್ತೆ ಮನೆಗೆ ಹೋಗಿಬರಬೇಕೆಂದರೆ ಅರ್ಧ ದಿನ ರಜೆ ಹಾಕಬೇಕು, ನೀರಿನ ಬಾಟಲಿ ಇಟ್ಟುಕೊಳ್ಳಬೇಕು, ಮನೆಯಲ್ಲಿ ಎಲ್ಲರಿಗೂ ಹೇಳಿ ಹೊರಡಬೇಕು.

"ಹೂವು ಕಳಿಸಿಬಿಡು ಅಪ್ಪಾ. ಹತ್ತು ನಿಮಿಷದ ಕೆಲಸ" ಅಂದಳು ಮಗಳು.

ಆ ಹತ್ತು ನಿಮಿಷ ಬುಧವಾರ ಬೆಳಗ್ಗೆ 11 ಗಂಟೆಗೆ ಶುರುವಾಯಿತು.

ಫೋನಿನಲ್ಲಿ 'ಬಸವನಗುಡಿ ಹೂವಿನ ಅಂಗಡಿ' ಅಂತ ಹುಡುಕಿದೆ. ಒಂದಲ್ಲ ಎರಡಲ್ಲ, ಹನ್ನೆರಡು ಸಿಕ್ಕವು. ಒಂದಕ್ಕಿಂತ ಒಂದು ಚೆಂದದ ಹೆಸರು. ಎಲ್ಲಕ್ಕೂ ನಾಲ್ಕೂಮುಕ್ಕಾಲು ನಕ್ಷತ್ರ. ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ ಆಯಿತು. ನಾನು ಹುಟ್ಟಿ ಬೆಳೆದದ್ದು ಅದೇ ಬಸವನಗುಡಿಯಲ್ಲಿ. ಗಾಂಧಿ ಬಜಾರಿನ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಕೂರುವ ಹೂವಿನವರನ್ನು ಮುಖ ನೋಡಿ ಗುರುತು ಹಿಡಿಯಬಲ್ಲೆ. ಅವರಲ್ಲಿ ಒಬ್ಬರೂ ಈ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿದ್ದ ಒಂದು ಅಂಗಡಿಯ ವಿಳಾಸದಲ್ಲಿ ನಾನು ಕಂಡಂತೆ ಮೊದಲಿಂದಲೂ ಹಿಟ್ಟಿನ ಗಿರಣಿ ಇದೆ.

ಮೊದಲನೇ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಹಿಂದಿಯಲ್ಲಿ ನಮಸ್ತೆ ಹೇಳಿದಳು. ನನ್ನ ಹಿಂದಿ ರೈಲಿನಲ್ಲಿ ಚಹಾ ಕೇಳುವಷ್ಟು ಇದೆ, ಹೂವಿಗೆ ಸಾಲದು. ಆದರೂ ಧೈರ್ಯ ಮಾಡಿ, ನಿಮ್ಮ ಅಂಗಡಿ ಗಾಂಧಿ ಬಜಾರ್ ಹತ್ತಿರಾನಾ ಅಂತ ಕೇಳಿದೆ.

"ಗಾಂಧಿನಗರ್? ಗುಜರಾತ್, ಸರ್?" ಅಂದಳು.

ಇಟ್ಟುಬಿಟ್ಟೆ. ಎರಡನೇ ಅಂಗಡಿಗೆ ಮಾಡಿದೆ. ಅದೇ ದನಿ, ಅದೇ ನಮಸ್ತೆ. ಇರಲಿ, ದನಿಗಳು ಒಂದೇ ಥರ ಇರಬಹುದು ಅಂದುಕೊಂಡು ಮೂರನೇದಕ್ಕೆ ಮಾಡಿದೆ. ಈ ಸಲ ಅವಳೇ ಮೊದಲು ಕೇಳಿದಳು, "ಸರ್, ಆಗಲೇ ಎರಡು ಸಲ ಮಾಡಿದ್ದು ನೀವೇ ಅಲ್ವಾ?" ನನಗೆ ನಾಚಿಕೆಯಾಯಿತು. ಮೂರು ಅಂಗಡಿ ಇಟ್ಟುಕೊಂಡಿದ್ದು ಅವರು, ಸಿಕ್ಕಿಬಿದ್ದದ್ದು ನಾನು.

ಇದರ ಗುಟ್ಟು ಆಮೇಲೆ ಗೊತ್ತಾಯಿತು. ಇಂಥವರು ಎಲ್ಲೋ ದೂರದ ಊರಲ್ಲಿ ಕೂತು ಎಲ್ಲ ಬಡಾವಣೆಗಳ ಹೆಸರಲ್ಲೂ ಒಂದೊಂದು ನಂಬರ್ ಇಟ್ಟಿರುತ್ತಾರೆ. ಆರ್ಡರ್ ತಗೊಂಡು, ತಮ್ಮ ಪಾಲು ಮುರಿದುಕೊಂಡು, ಉಳಿದದ್ದನ್ನು ನಮ್ಮೂರಿನ ಯಾವುದೋ ಅಂಗಡಿಗೆ ಕೊಡುತ್ತಾರೆ. ಆ ಅಂಗಡಿಯವನು ಉಳಿದ ದುಡ್ಡಿಗೆ ತಕ್ಕ ಹಾಗೆ ಹೂವು ಕಡಿಮೆ ಮಾಡಿ ಸೊಪ್ಪು ಜಾಸ್ತಿ ಮಾಡುತ್ತಾನೆ. ಬೊಕೆಯಲ್ಲಿ ಅಷ್ಟೊಂದು ಹಸಿರು ಯಾಕಿರುತ್ತದೆ ಅಂತ ನನಗೆ ಬಹಳ ದಿನದಿಂದ ಇದ್ದ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು.

ಅಷ್ಟು ತಿಳಿಯುವ ಮೊದಲೇ ನಾನು ಆರ್ಡರ್ ಮಾಡಿ ಆಗಿತ್ತು. ಅದೂ ಸುಲಭಕ್ಕೆ ಆಗಲಿಲ್ಲ.

ನನ್ನ ಹೆಂಡತಿ ಉಡುಪಿ ಕಡೆಯವಳು. ಅವಳ ಪಾಲಿಗೆ ಹೂವು ಅಂದರೆ ಶಂಕರಪುರದ ಮಲ್ಲಿಗೆ, ಮಿಕ್ಕಿದ್ದೆಲ್ಲ ಸೊಪ್ಪು. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿರುತ್ತಾರೆ. ಅಲ್ಲಿ ಮೊಳದ ಲೆಕ್ಕವಿಲ್ಲ, ಚೆಂಡಿನ ಲೆಕ್ಕ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. "ಅತ್ತೆಗೆ ಒಂದು ಅಟ್ಟೆ ಕಳಿಸಿ, ಮುಗೀತು" ಅಂದಳು. ಸರಿ, ಮಲ್ಲಿಗೆ ಅಂತ ಹುಡುಕಿದೆ. ಮಲ್ಲಿಗೆ ಪರಿಮಳದ ಮೇಣದ ಬತ್ತಿ ಬಂತು. ಇನ್ನೊಂದು ಸಲ ಹುಡುಕಿದೆ. ಮಲ್ಲಿಗೆ ಪರಿಮಳದ ಸಾಬೂನು ಬಂತು. ಮೈಸೂರು, ಉಡುಪಿ, ಹಡಗಲಿ ಅಂತ ಮೂರು ಮಲ್ಲಿಗೆಗೆ ಊರಿನ ಹೆಸರಿನ ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಇರುವ ರಾಜ್ಯದಲ್ಲಿ ಕೂತು ನಾನು ಮೇಣದ ಬತ್ತಿ ನೋಡುತ್ತಿದ್ದೆ.

ಕೊನೆಗೆ 1,299 ರೂಪಾಯಿಯ ಒಂದು ಬೊಕೆ ಒಪ್ಪಿಕೊಂಡೆ. ಜರ್ಬೆರಾ, ಗುಲಾಬಿ, ಹಸಿರು ಸೊಪ್ಪು. ಇನ್ನೂ 249 ಕೊಟ್ಟರೆ ಸರಿಯಾಗಿ ಮಧ್ಯರಾತ್ರಿ 12ಕ್ಕೆ ತಲುಪಿಸುತ್ತೇವೆ ಅಂದಿತು ಫೋನು. ಬೇಡ ಅಂದೆ. ಅತ್ತೆ ಮಲಗುವುದು ಎಂಟೂವರೆಗೆ. ಮಧ್ಯರಾತ್ರಿ ಬೆಲ್ ಆದರೆ ಅವರು ಬಾಗಿಲು ತೆಗೆಯುವ ಮೊದಲೇ ಕೇಳುವುದು "ಯಾರು ಹೋದರು?" ಅಂತ.

ಜೊತೆಗೊಂದು ಕಾರ್ಡು ಇತ್ತು. ಅದರಲ್ಲಿ ಕನ್ನಡದಲ್ಲೇ ಬರೆದೆ: 'ಅತ್ತೆ, ನೂರು ಕಾಲ ಸುಖವಾಗಿರಿ. ನಿಮ್ಮ ಕೈಯ ಹುಳಿಯನ್ನ ಇನ್ನೂ ಬಹಳ ವರ್ಷ ತಿನ್ನಬೇಕು.' ಬರೆದು ನನಗೇ ಗಂಟಲು ಕಟ್ಟಿತು.

ಗುರುವಾರ ಹನ್ನೊಂದೂವರೆಗೆ ಮೀಟಿಂಗಿನಲ್ಲಿದ್ದೆ. ಫೋನ್ ಬಂತು. ಉತ್ತರ ಕರ್ನಾಟಕದ ಹುಡುಗ.

"ಸರ, ಮನಿ ಸಿಗವಲ್ದ್ರಿ. ಹದಿನಾಲ್ಕ್ ನಂಬರ್ ಅಂದ್ರ ಇಲ್ಲಿ ಟೇಲರ್ ಅಂಗಡಿ ಐತ್ರಿ."

"ಅದು ಹಳೇ ನಂಬರ್ ಹದಿನಾಲ್ಕು ಇರಬೇಕಪ್ಪಾ. ನಮ್ಮದು ಹೊಸ ನಂಬರ್ ಹದಿನಾಲ್ಕು."

"ಹೊಸಾದು ಎಲ್ಲೈತ್ರಿ?"

"ಹಳೇ ನಂಬರ್ ಮೂವತ್ತೇಳರ ಪಕ್ಕ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಲೊಕೇಶನ್ ಹಾಕ್ರಿ ಸರ" ಅಂದ. ಮೇಜಿನ ಕೆಳಗೆ ಫೋನ್ ಹಿಡಿದು ಹಾಕಿದೆ. ಎರಡು ನಿಮಿಷಕ್ಕೆ ಮತ್ತೆ ಫೋನು. "ಸರ, ಇದು ಇಪ್ಪತ್ತೈದ್ ಕಿಲೋಮೀಟರ್ ತೋರ್ಸಾಕತ್ತೈತ್ರಿ. ನಾ ಅಲ್ಲಿಗೆ ಬರಬೇಕೇನ್ರಿ?" ಗಡಿಬಿಡಿಯಲ್ಲಿ ನಾನಿರುವ ಆಫೀಸಿನ ಲೊಕೇಶನ್ ಕಳಿಸಿದ್ದೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಸಂಕಟ. "ಅಲ್ಲೇ ಯಾರನ್ನಾದರೂ ಕೇಳಪ್ಪಾ, 80 ವರ್ಷದ ಅಜ್ಜಿ, ಒಬ್ಬರೇ ಇರ್ತಾರೆ ಅಂತ ಹೇಳು" ಅಂದೆ.

ಹತ್ತು ನಿಮಿಷ ಬಿಟ್ಟು ಅವನೇ ತಿಳಿಸಿದ. "ಕೊಟ್ಟೆ ಸರ. ಮೂಲ್ಯಾಗ ಹೂ ಮಾರೂ ಅಕ್ಕಾರು ಮನಿತನಕ ಬಂದು ತೋರಿಸಿದ್ರು."

ಈ ಮಾತು ಆಗ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮಧ್ಯಾಹ್ನ ಅತ್ತೆಯ ಫೋನ್.

"ಏನೋ ಇದು?"

"ಹುಟ್ಟುಹಬ್ಬಕ್ಕೆ ಅತ್ತೆ. ಹೂವು."

"ಹೂವು ಅಂತ ಗೊತ್ತಾಯ್ತು. ಮೂಸಿ ನೋಡಿದೆ, ಪ್ಲಾಸ್ಟಿಕ್ ವಾಸನೆ. ಅದಿರ್ಲಿ, ಕಾರ್ಡಿನಲ್ಲಿ ಚೌಕಾಬಾರದ ಮನೆ ಯಾಕೆ ಬರೆದು ಕಳಿಸಿದೀಯ?"

ನನಗೆ ಅರ್ಥವಾಗಲಿಲ್ಲ. ಸಂಜೆ ಪಕ್ಕದ ಮನೆಯ ಹುಡುಗ ಫೋಟೋ ತೆಗೆದು ಕಳಿಸಿದ ಮೇಲೆ ಅರ್ಥವಾಯಿತು. ಅವರ ಪ್ರಿಂಟರಿಗೆ ಕನ್ನಡ ಬರುತ್ತಿರಲಿಲ್ಲ. ನೂರು ಕಾಲ ಸುಖವಾಗಿರಿ ಅನ್ನುವ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು. ಹುಳಿಯನ್ನದ ಸಾಲೂ ಚೌಕಗಳೇ. ಕೊನೆಗೆ ಒಂದು ಪೂರ್ಣವಿರಾಮ ಮಾತ್ರ ಸರಿಯಾಗಿ ಬಂದಿತ್ತು.

"ಮತ್ತೆ ಈ ಕೆಂಪು ಹೂವಿಗೆ ಮೂಳೆ ಮುರಿದಿತ್ತೇನೋ? ಒಳಗೆ ಕಂಬಿ ಹಾಕಿದಾರೆ. ನನ್ನ ಸೊಂಟಕ್ಕೆ ಹಾಕಿದಾರಲ್ಲ, ಹಾಗೆ."

ಜರ್ಬೆರಾ ದಂಟು ಹೂವಿನ ಭಾರ ತಾಳದೆ ಬಗ್ಗುತ್ತದೆ, ಅದಕ್ಕೇ ತಂತಿ ಸುತ್ತುತ್ತಾರೆ. ಹೀಗೆ ಅಂತ ವಿವರಿಸಿದೆ. ಅದರ ಮೂಲ ದಕ್ಷಿಣ ಆಫ್ರಿಕಾ, ಈಗ ಬೆಂಗಳೂರಿನ ಸುತ್ತ ಪಾಲಿಹೌಸ್‌ಗಳಲ್ಲಿ ಬೆಳೆಯುತ್ತಾರೆ, ಇಂಥ ಹೂವುಗಳಿಗೇ ಹೆಬ್ಬಾಳದಲ್ಲಿ ಒಂದು ಹರಾಜು ಕೇಂದ್ರ ಇದೆ ಅಂತ ನನಗೆ ಗೊತ್ತಿದ್ದದ್ದೆಲ್ಲ ಹೇಳಿದೆ.

"ಪಾಪ, ಅಷ್ಟು ದೂರದಿಂದ ಬಂದದ್ದಕ್ಕೇ ಸೊಂಟ ಹೋಗಿರಬೇಕು" ಅಂದರು ಅತ್ತೆ. "ಗುಲಾಬಿಗೆ ಬಲೆ ಟೋಪಿ ಬೇರೆ ಹಾಕಿದಾರೆ, ಇಡ್ಲಿ ಅಂಗಡಿ ಅಡಿಗೆಯವರ ಥರ. ಎಲ್ಲ ಬಿಚ್ಚಿದೆ. ಆ ಪಾತ್ರೆ ತಿಕ್ಕೋ ಸ್ಪಂಜು ಮಾತ್ರ ಚೆನ್ನಾಗಿಲ್ಲ ಕಣೋ. ನಮ್ಮ ಕೆಲಸದವಳಿಗೆ ಕೊಟ್ಟೆ, ಒಂದು ಲೋಟ ತಿಕ್ಕೋದ್ರೊಳಗೆ ಪುಡಿ ಪುಡಿ ಆಯ್ತು. ಸಿಂಕೆಲ್ಲ ಹಸಿರು."

ಬೊಕೆಯ ಬುಡದಲ್ಲಿ ಹೂವು ಚುಚ್ಚಿ ನಿಲ್ಲಿಸುವ ಹಸಿರು ಫೋಮ್ ಅದು. ಇದನ್ನು ಹೇಳಲಿಲ್ಲ. ಸಿಂಕ್ ಕಟ್ಟಿಕೊಂಡರೆ ಪ್ಲಂಬರ್ ದುಡ್ಡು ನಾನು ಕೊಡುತ್ತೇನೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ಸುಮ್ನೆ ನಮ್ಮ ವರ್ತನೆ ಹೂವಿನವಳಿಗೆ ಹೇಳಿದ್ರೆ ಆಗ್ತಿತ್ತಲ್ಲೋ. ಆ ಹುಡುಗನಿಗೆ ಮನೆ ತೋರಿಸಿದ್ದೂ ಅವಳೇ" ಅಂದರು.

ವರ್ತನೆ! ಎಷ್ಟು ವರ್ಷ ಆಗಿತ್ತು ಈ ಪದ ಕೇಳಿ. ದಿನಾ ಮನೆಗೇ ತಂದುಕೊಡುವ ಏರ್ಪಾಡು. ಹಾಲಿನ ವರ್ತನೆ, ಹೂವಿನ ವರ್ತನೆ. ನಾನು ಚಡ್ಡಿ ಹಾಕುವ ಕಾಲದಿಂದ ಆ ಮನೆಯ ಗೇಟಿಗೆ ಬೆಳಗಾಗುವಷ್ಟರಲ್ಲಿ ಒಂದು ಹೂವಿನ ಪೊಟ್ಟಣ ಬಂದು ಕೂತಿರುತ್ತದೆ. ಮೊದಲು ಬಾಳೆಲೆಯಲ್ಲಿ, ಆಮೇಲೆ ಪೇಪರಿನಲ್ಲಿ, ಈಗ ಪ್ಲಾಸ್ಟಿಕ್ ಚೀಲದಲ್ಲಿ. ಮೊದಲು ಈಗಿನವಳ ಅತ್ತೆ ಕೊಡುತ್ತಿದ್ದಳು, ಈಗ ಇವಳು. ಕತ್ತಲಿರುವಾಗಲೇ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂವು ತೂಕದಲ್ಲಿ ತಂದು, ಕಟ್ಟಿ, ಮೊಳದಲ್ಲಿ ಮಾರುತ್ತಾಳೆ. ಅವಳ ಕೈ ಸ್ವಲ್ಪ ಗಿಡ್ಡ. ಅದಕ್ಕೆ ಅತ್ತೆ ಪ್ರತಿ ದಿನ ತಮ್ಮ ಕೈಯಲ್ಲಿ ಇನ್ನೊಂದು ಸಲ ಅಳೆದು, ಒಂದು ಬೆರಳು ಕಡಿಮೆ ಬಂತು ಅಂತ ಜಗಳ ಆಡಿ, ಆಮೇಲೆ ಅವಳಿಗೆ ಕಾಫಿ ಕೊಡುತ್ತಾರೆ. ಇದಕ್ಕಿಂತ ಲೋಕಲ್ ಹೂವಿನ ಅಂಗಡಿ ನನಗೆ ಎಲ್ಲಿ ಸಿಗಬೇಕಿತ್ತು? ನಕ್ಷತ್ರ ಒಂದೂ ಇಲ್ಲ, ಅಷ್ಟೇ.

ಅತ್ತೆಯ ಗೋಡೆ ಕ್ಯಾಲೆಂಡರಿನ ಮೇಲೆ ಅವಳ ನಂಬರ್ ಬರೆದಿತ್ತು. ಹಬ್ಬಕ್ಕಾದರೂ ಮರ್ಯಾದೆ ಉಳಿಸಿಕೊಳ್ಳೋಣ ಅಂತ ಸಂಜೆ ಫೋನ್ ಮಾಡಿದೆ. ಹೊಸ ನಂಬರ್ ಹದಿನಾಲ್ಕು ಅಂತ ಶುರು ಮಾಡಿದೆ.

"ನಂಬ್ರು ಗಿಂಬ್ರು ನಂಗೊತ್ತಿಲ್ಲ ಸಾಮಿ. ಯಾವ ಮನೆ?"

"ಪಾರಿಜಾತದ ಮರ ಇದೆಯಲ್ಲಮ್ಮ..."

"ಆ ಮರ ಕಡ್ದು ನಾಕ್ ವರ್ಸ ಆಯ್ತು. ಹಸ್ರು ಗೇಟು ತಾನೆ? ನೀವು ವೈಟ್‌ಫೀಲ್ಡಲ್ಲಿರೋ ಅಣ್ಣನ ಮಗನಾ?"

"ಹೌದಮ್ಮ."

"ಹೋದ್ ಸಲ ಗೌರಿ ಹಬ್ಬಕ್ಕೂ ಬರ್ಲಿಲ್ಲ ಅಲ್ವಾ ನೀವು."

ಏನು ಹೇಳಲಿ? ಬರಲಿಲ್ಲ ಅಂತ ಒಪ್ಪಿಕೊಂಡೆ.

"ಬೆಳಗ್ಗೆ ಆ ಬೊಕೆ ಕಳ್ಸಿದ್ದು ನೀವೇನಾ? ಎಷ್ಟು ಕೊಟ್ರಿ?"

ಐನೂರು ಅಂತ ಸುಳ್ಳು ಹೇಳಿದೆ. ಐನೂರಕ್ಕೇ "ಅಯ್ಯೋ" ಅಂತ ಇಡೀ ಬೀದಿಗೆ ಕೇಳುವ ಹಾಗೆ ಅಂದಳು. ನಿಜ ಹೇಳಿದ್ದರೆ ಕೂತ ಬುಟ್ಟಿಯ ಮುಂದೆಯೇ ಏನಾದರೂ ಆಗುತ್ತಿತ್ತು.

ಒಂದು ಮಾರು ಮಲ್ಲಿಗೆ, ಎರಡು ಮೊಳ ಕನಕಾಂಬರ, ಬಿಡಿ ಸೇವಂತಿಗೆ, ಒಂದು ಜೊತೆ ತಾವರೆ ಅಂತ ಪಟ್ಟಿ ಕೊಟ್ಟೆ. ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ಹತ್ತಿರ ಹತ್ತಿರ ನಾಲ್ಕು ಮೊಳ. ತಾವರೆಯನ್ನು ನಿಮ್ಮತ್ತೆ ಹೋದ ವಾರವೇ ಹೇಳಿದ್ದಾರೆ, ಮಲ್ಲಿಗೆ ಸಾಕು, ಕನಕಾಂಬರದ ಆಸೆ ಬಿಡಿ ಅಂದಳು. ವರಮಹಾಲಕ್ಷ್ಮಿ ಹೊತ್ತಿಗೆ ಕನಕಾಂಬರ ಕೆ.ಜಿ.ಗೆ 2000 ರೂಪಾಯಿ ದಾಟುವುದು ಈಗ ಸುದ್ದಿಯೂ ಅಲ್ಲ. ಗಿರಾಕಿಗೆ ಬೇಡ ಅನ್ನುವ ಅಂಗಡಿಯವರನ್ನು ನೋಡಿ ನನಗೂ ಬಹಳ ದಿನ ಆಗಿತ್ತು.

"ಡೆಲಿವರಿಗೆ ಎಷ್ಟಮ್ಮ?"

"ಯಾವ್ದಕ್ಕೆ?"

"ಮನೆಗೆ ತಲುಪಿಸೋದಕ್ಕೆ."

"ಗೇಟಿಗೆ ಸಿಕ್ಸೋಕೂ ದುಡ್ಡಾ?" ಅಂತ ನಗಾಡಿ ಫೋನ್ ಇಟ್ಟಳು. ಬೆಳಗ್ಗೆ ಐದೂಮುಕ್ಕಾಲಿಗೆ ಅತ್ತೆಯೇ ಫೋನ್ ಮಾಡಿ ಹೂವು ಬಂತು ಅಂದರು. ನನ್ನ ಮಾರು ಅವಳ ಕೈಯಲ್ಲಿ ಮಾರು, ತಮ್ಮ ಕೈಯಲ್ಲಿ ಮೂರೂವರೆ ಮೊಳ ಅಂತಲೂ ಹೇಳಿದರು.

ಭಾನುವಾರ ಮೆಟ್ರೋ ಹತ್ತಿದೆ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜು. ಅದಕ್ಕಿಂತ ಒಂದು ನಿಲ್ದಾಣ ಮೊದಲು ಬಾಗಿಲು ತೆರೆದುಕೊಂಡಾಗ ತಲೆಯೆತ್ತಿ ನೋಡಿದೆ. ಕೃಷ್ಣರಾಜೇಂದ್ರ ಮಾರುಕಟ್ಟೆ. ಬೆಂಗಳೂರಿನ ಅತಿ ದೊಡ್ಡ ಹೂವಿನ ಸಂತೆಯಿಂದ ಅತ್ತೆಯ ಮನೆಗೆ ಒಂದೇ ನಿಲ್ದಾಣ. ನಾನು ಗುಜರಾತ್ ತನಕ ಸುತ್ತಿ ಬಂದಿದ್ದೆ.

ಅತ್ತೆಯ ಮನೆಯಲ್ಲಿ ಹಬ್ಬದ ಮಲ್ಲಿಗೆ ಬಾಡಿ ಕಂದು ಬಣ್ಣಕ್ಕೆ ತಿರುಗಿತ್ತು, ಆದರೂ ದೇವರ ಮನೆಯಲ್ಲಿ ವಾಸನೆ ಹೋಗಿರಲಿಲ್ಲ. ಜರ್ಬೆರಾ ಮಾತ್ರ ತುಳಸಿಕಟ್ಟೆ ಹತ್ತಿರ ಹಾರ್ಲಿಕ್ಸ್ ಬಾಟಲಿಯಲ್ಲಿ, ಕಂಬಿ ಸಮೇತ, ನೆಟ್ಟಗೆ ನಿಂತಿತ್ತು. ವಾಸನೆ ಇಲ್ಲದ್ದನ್ನ ದೇವರಿಗೆ ಇಡಲ್ಲ, ಬಾಡದೇ ಇರೋದನ್ನ ಎಸೆಯೋಕೆ ಮನಸ್ಸು ಬರಲ್ಲ, ಇದನ್ನೇನು ಮಾಡೋದು ಅಂತ ಅತ್ತೆ ಕೇಳಿದರು. ಯಾರಿಗಾದರೂ ಕೊಟ್ಟುಬಿಡಿ ಅಂದೆ.

ಬುಧವಾರ ಬೆಳಗ್ಗೆ ಅವರ ಫೋನ್ ಬಂತು. ಹಿಂದಿನ ದಿನ ಅದನ್ನು ಹೂವಿನವಳಿಗೆ ಕೊಟ್ಟಿದ್ದರಂತೆ.

"ಈಗ ಬಾಗಿಲು ತೆಗೆದು ನೋಡ್ತೀನಿ, ನಮ್ಮ ಹೂವಿನ ಪೊಟ್ಟಣದ ಜೊತೆ ಅದನ್ನೂ ಗೇಟಿಗೆ ಸಿಕ್ಕಿಸಿ ಹೋಗಿದಾಳೆ ಕಣೋ. ಕೂಗಿ ಕೇಳಿದ್ರೆ, 'ಮುಡಿಯೋಕೂ ಆಗಲ್ಲ, ಕಟ್ಟೋಕೂ ಆಗಲ್ಲ, ಮನೇಲಿ ಮೊಮ್ಮಗು ಹೆದರ್ಕೊಳ್ತದೆ, ನೀವೇ ಇಟ್ಕೊಳಿ ಅಮ್ಮ' ಅಂತಾಳೆ."