ಎರಡು ಕಡ್ಡಿ ಸೆಲರಿ

ಮೊನ್ನೆ ಫ್ರಿಜ್ಜಿನ ಕೆಳಗಿನ ಡ್ರಾಯರ್ ಎಳೆದರೆ ಮುಂದಕ್ಕೆ ಬರಲೇ ಇಲ್ಲ. ಒಳಗೆ ಏನೋ ಅಡ್ಡ ಸಿಕ್ಕಿಕೊಂಡಿತ್ತು. ಕೈ ತೂರಿಸಿ ಜಗ್ಗಿದೆ. ಈಚೆ ಬಂದದ್ದು ಹೋದ ತಿಂಗಳ ಸೆಲರಿ, ಅದೇ ಆ ಉದ್ದುದ್ದ ಹಸಿರು ದಂಟಿನ ತರಕಾರಿ. ಸೊಂಟ ಬಿದ್ದುಹೋಗಿ, ತುದಿಯೆಲ್ಲ ಹಳದಿಯಾಗಿತ್ತು. ಅದರ ಹಿಂದೆಯೇ ಇನ್ನೊಂದು. ಅದು ಅದಕ್ಕೂ ಹಿಂದಿನ ತಿಂಗಳದ್ದು. ಅದರ ವಿಚಾರ ಬೇಡ.

ಎರಡೂ ಜಂಬಲಾಯ ಮಾಡಿ ಮಿಕ್ಕಿದವು. ಅಮೆರಿಕದ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ಗೆ ಬಂದು ಆರು ವರ್ಷವಾಯಿತು. ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲಿ ಜಂಬಲಾಯ ಆಗಲೇಬೇಕು. ಕೋಳಿ, ಹೊಗೆ ಹಾಕಿದ ಹಂದಿ ಸಾಸೇಜು, ಅಕ್ಕಿ, ಎಲ್ಲಾ ಒಂದೇ ಪಾತ್ರೆಗೆ. ತೊಳೆಯೋ ಕಷ್ಟ ಕಮ್ಮಿ. ಈ ಅಡುಗೆ ನನಗೆ ಬದುಕಿನ ಬಗ್ಗೆ ಏನೋ ದೊಡ್ಡದೊಂದನ್ನು ಕಲಿಸಿದೆ ಅಂತ ಬಹಳ ದಿನದಿಂದ ಅನ್ನಿಸುತ್ತಿದೆ. ಅದನ್ನು ಬರೆಯೋಣ ಅಂತಲೇ ಕೂತೆ. ಮೊದಲು ಈ ಸೆಲರಿಯದೊಂದು ಇತ್ಯರ್ಥವಾಗಲಿ.

ಈರುಳ್ಳಿ, ದಪ್ಪ ಮೆಣಸಿನಕಾಯಿ, ಸೆಲರಿ. ಈ ಮೂರಕ್ಕೆ ಲೂಸಿಯಾನಾದವರು ‘ಹೋಲಿ ಟ್ರಿನಿಟಿ’ ಅನ್ನುತ್ತಾರೆ. ತ್ರಿಮೂರ್ತಿಗಳು ಅಂತಲೇ ಇಟ್ಟುಕೊಳ್ಳಿ. ಫ್ರಾನ್ಸಿನ ಅಡುಗೆಯವರು ಈರುಳ್ಳಿ, ಸೆಲರಿ ಜೊತೆಗೆ ಕ್ಯಾರೆಟ್ ಹಾಕುತ್ತಾರೆ. ಇಲ್ಲಿಗೆ ಬರುವಷ್ಟರಲ್ಲಿ ಕ್ಯಾರೆಟ್ ಜಾಗದಲ್ಲಿ ದಪ್ಪ ಮೆಣಸಿನಕಾಯಿ ಬಂದು ಕೂತಿತು. ಅಷ್ಟು ಮಾಡಿದವರು ಸೆಲರಿಯನ್ನೂ ಎಬ್ಬಿಸಿ ಕಳಿಸಬಹುದಿತ್ತಲ್ಲ? ಈ ತ್ರಿಮೂರ್ತಿಗಳಲ್ಲಿ ಸೆಲರಿ ಬ್ರಹ್ಮ. ಗುಡಿಯಿಲ್ಲ, ಪೂಜೆಯಿಲ್ಲ, ಆದರೂ ಲೆಕ್ಕಕ್ಕೆ ಇರಲೇಬೇಕು.

ನನಗೆ ಬೇಕಾದದ್ದು ಎರಡು ಕಡ್ಡಿ. ಅಂಗಡಿಯವರು ಕೊಡೋದು ಇಡೀ ಬುಡ. ಪ್ಲಾಸ್ಟಿಕ್ ಚೀಲದೊಳಗೆ ಹತ್ತು ಕಡ್ಡಿ. ಮುರಿದು ಎರಡೇ ಕೊಡಿ ಅಂತ ಕೇಳೋಕೆ ಅಲ್ಲಿ ಮನುಷ್ಯರೇ ಇರುವುದಿಲ್ಲ, ಟೀಂವ್ ಟೀಂವ್ ಅನ್ನುವ ಮೆಷಿನ್ನು. ಮಂಡ್ಯದಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ಸೊಪ್ಪಿನ ಅಜ್ಜಿ ಎರಡು ಕಟ್ಟು ದಂಟು ಕೊಂಡರೆ ಕರಿಬೇವು ಸುಮ್ನೆ ಕೊಡುತ್ತಿದ್ದಳು. ಕೊಸರು. ಅಮ್ಮ ಅಷ್ಟಕ್ಕೆ ಬಿಡದೆ “ಇನ್ನೊಂದು ಎಸಳು ಹಾಕವ್ವ, ಕೈ ಬಿಗಿ ಮಾಡಬೇಡ” ಅನ್ನೋಳು. ತಮಾಷೆ ಏನು ಗೊತ್ತಾ? ಕೊಸರಿಗೆ ಲೂಸಿಯಾನಾದಲ್ಲೂ ಒಂದು ಪದ ಇದೆ. ಲ್ಯಾನ್ಯಾಪ್. ವ್ಯಾಪಾರ ಮುಗಿದ ಮೇಲೆ ಅಂಗಡಿಯವನು ಮೇಲೆ ಹಾಕಿ ಕೊಡುವ ಚೂರು. ಆ ಪದದ ಮೇಲೆ ಇವರಿಗೆ ಎಲ್ಲಿಲ್ಲದ ಅಭಿಮಾನ. ಹೋಟೆಲಿಗೆ, ಬೇಕರಿಗೆಲ್ಲ ಅದೇ ಹೆಸರಿಡುತ್ತಾರೆ. ಹೆಸರಿಟ್ಟ ಮೇಲೆ ಕೊಡೋದೇನಿದೆ ಅಂತ ಬಿಟ್ಟಿರಬೇಕು.

ಮಿಕ್ಕಿದ ಎಂಟು ಕಡ್ಡಿಗೆ ಗತಿ ಕಾಣಿಸಲು ನಾನು ಪಟ್ಟ ಪಾಡು ಒಂದೆರಡಲ್ಲ. ಮೊದಲು ಹುಳಿ ಮಾಡಿದೆ. ಇಡೀ ಮನೆ ಔಷಧಿ ಅಂಗಡಿ ಆಯಿತು. ಚಟ್ನಿ ಮಾಡಿದೆ. ಇವರು ಎರಡು ದೋಸೆ ಮುಗಿಸಿ, ಚಟ್ನಿಯನ್ನು ತಟ್ಟೆಯ ಅಂಚಿಗೆ ನೀಟಾಗಿ ಒತ್ತರಿಸಿಟ್ಟು, “ಚೆನ್ನಾಗಿದೆ ಕಣೇ” ಅಂದು ಎದ್ದರು. ಆಮೇಲೆ ಬಾಳೆದಿಂಡಿನ ನೆನಪಾಯಿತು. ದಿಂಡು ಹೆಚ್ಚುವಾಗ ಪ್ರತಿ ಬಿಲ್ಲೆಗೂ ನಾರು ಎಳೆಯುತ್ತೆ, ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಬೇಕು. ಸೆಲರಿಗೂ ನಾರಿದೆ. ಮುರಿದು ಎಳೆದರೆ ಉದ್ದಕ್ಕೂ ದಾರದ ಹಾಗೆ ಬರುತ್ತೆ. ಅರ್ಧ ಗಂಟೆ ಕೂತು ಎಂಟೂ ಕಡ್ಡಿಯ ನಾರನ್ನು ಬೆರಳಿಗೆ ಉಂಗುರ ಸುತ್ತಿದೆ. ಮೊಸರು, ಹಸಿಮೆಣಸಿನಕಾಯಿ, ಸಾಸಿವೆ ಒಗ್ಗರಣೆ ಹಾಕಿ ಮೊಸರು ಬಜ್ಜಿ ಮಾಡಿದೆ. ಬೆರಳಿಗೆ ಸುತ್ತಿದ ಉಂಗುರ ಚೆಂದಿತ್ತು. ಬಜ್ಜಿ ಚೆನ್ನಾಗಿರಲಿಲ್ಲ.

ವಿಡಿಯೋದಲ್ಲಿ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿ, “ಏನೇ ಅದು, ಕೊತ್ತಂಬರಿ ಸೊಪ್ಪಿಗೆ ಕೊಬ್ಬು ಬಂದಂಗದೆ?” ಅಂದಳು. ಅಮ್ಮ ಸಸ್ಯಶಾಸ್ತ್ರ ಓದಿದವಳಲ್ಲ. ಆದರೆ ಕೊತ್ತಂಬರಿ, ಸೆಲರಿ, ಜೀರಿಗೆ ಎಲ್ಲಾ ಒಂದೇ ಕುಟುಂಬದವು. ಒಂದೇ ಮನೆಯಲ್ಲಿ ಹುಟ್ಟಿ ಒಬ್ಬ ಕೊತ್ತಂಬರಿ ಆಗ್ತಾನೆ, ಒಬ್ಬ ಹೀಗಾಗ್ತಾನೆ. ಯಾರ ಮನೆಯಲ್ಲಿಲ್ಲ ಹೇಳಿ.

ಜಂಬಲಾಯವನ್ನು ಫೋನಿನಲ್ಲಿ ನೋಡಿದ ಬಂಧುಬಳಗವೆಲ್ಲ “ಓ, ಪಲಾವ್!” ಅನ್ನುತ್ತೆ. ಆರು ವರ್ಷದಿಂದ ಅನ್ನುತ್ತಲೇ ಇದೆ. ಪಲಾವ್ ಅಲ್ಲ. ಏಲಕ್ಕಿ ಇಲ್ಲ, ಲವಂಗ ಇಲ್ಲ. ಇದಕ್ಕೆ ಬಣ್ಣ ಬರೋದು ತಳ ಹಿಡಿಸಿದ್ದರಿಂದ. ಊರಲ್ಲಿ ಸಾರು ತಳ ಹಿಡಿದರೆ ಅಮ್ಮ ಸಂಜೆವರೆಗೂ ಗೊಣಗುತ್ತಿದ್ದಳು. ಇಲ್ಲಿ ಬೇಕಂತಲೇ ಹಿಡಿಸಬೇಕು. ಸಾಸೇಜು, ಕೋಳಿ ಹುರಿದು ತಳಕ್ಕೆ ಕಂದು ಹತ್ತಿದ ಮೇಲೆ ಈರುಳ್ಳಿ ಹಾಕಿ, ಅದರ ನೀರಿನಲ್ಲಿ ಕೆರೆದು ಎಬ್ಬಿಸಬೇಕು. ಟೊಮ್ಯಾಟೊ ಹಾಕಿ ಕೆಂಪಗೆ ಮಾಡೋದು ನ್ಯೂ ಆರ್ಲಿಯನ್ಸ್ ಕಡೆಯ ಕ್ರಿಯೋಲ್ ಜನ. ಫ್ರೆಂಚ್ ಮೂಲದ ಕೇಜನ್ ಜನರ ಎದುರಿಗೆ ಟೊಮ್ಯಾಟೊ ಹೆಸರೆತ್ತಬಾರದು. ಮುದ್ದೆಯನ್ನು ಅಗಿದು ತಿಂದವರನ್ನು ನಾವು ನೋಡುವ ಹಾಗೆ ನೋಡುತ್ತಾರೆ.

ಈ ಮರ್ಯಾದೆಯನ್ನೆಲ್ಲ ನನಗೆ ಹೇಳಿಕೊಟ್ಟವರು ಪಕ್ಕದ ಮನೆಯ ತಾತ. 1755ರಲ್ಲಿ ಬ್ರಿಟಿಷರು ಅವರ ಪೂರ್ವಿಕರನ್ನು ಕೆನಡಾ ಕಡೆಯ ಅಕೇಡಿಯಾದಿಂದ ಹಡಗಿಗೆ ತುಂಬಿ ಓಡಿಸಿದ್ದನ್ನು ಹೋದ ವಾರ ನಡೆದ ಹಾಗೆ ಹೇಳುತ್ತಾರೆ. ಅಕೇಡಿಯನ್ ಅನ್ನೋದು ಸವೆದು ಸವೆದು ಕೇಜನ್ ಆಯಿತಂತೆ. ನನ್ನನ್ನು ಕರೆಯೋದು ‘ಶಾ’ ಅಂತ, ನಮ್ಮ ಕಡೆ ಹಿರಿಯರು ‘ಮಗ’ ಅಂದ ಹಾಗೆ. ನಮ್ಮಿಂದ ಅರ್ಧ ಗಂಟೆ ದೂರದ ಗಾನ್ಜಾಲೆಸ್‌ನಲ್ಲಿ ಹುಟ್ಟಿದವರು. ಆ ಊರು ತನ್ನನ್ನು ಜಗತ್ತಿನ ಜಂಬಲಾಯ ರಾಜಧಾನಿ ಅಂತ ಕರೆದುಕೊಳ್ಳುತ್ತೆ. 1968ರಿಂದ ಅಲ್ಲಿ ಜಂಬಲಾಯ ಹಬ್ಬ. ಒಮ್ಮೆ ತಾತ ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಸೌದೆ ಉರಿ, ಕಬ್ಬಿಣದ ಕೊಪ್ಪರಿಗೆ, ದೋಣಿಯ ಹುಟ್ಟಿನಂಥ ಸೌಟು, ಹೊಗೆಗೆ ಕಣ್ಣು ಕೆಂಪಾದ ಗಂಡಸರು. ನಮ್ಮ ಕಡೆಯ ಬಾಡೂಟದ ಹಿತ್ತಿಲಿಗೆ ಹೋಗಿ ನಿಂತ ಹಾಗಾಯಿತು. ಬೈಗುಳ ಮಾತ್ರ ಬೇರೆ ಭಾಷೆಯದು.

ಹೋದ ಭಾನುವಾರ ಬೇಲಿಯ ಹತ್ತಿರ ನಿಂತು ತಾತನ ಹತ್ತಿರ ಸೆಲರಿಯ ಗೋಳು ತೋಡಿಕೊಂಡೆ. ಆರು ವರ್ಷ, ಎಪ್ಪತ್ತು ಬುಡ, ಹುಳಿ, ಚಟ್ನಿ, ಬಜ್ಜಿ, ಎಲ್ಲಾ. ತಾತ ನೀರಿನ ಪೈಪು ಕೆಳಗಿಟ್ಟು ಸಾವಧಾನವಾಗಿ ಕೇಳಿದರು. ಆಮೇಲೆ, “ಜಂಬಲಾಯಕ್ಕೆ ಸೆಲರಿನಾ, ಶಾ?” ಅಂದರು. “ನಾನು ಹಾಕಲ್ಲ. ನಮ್ಮಮ್ಮನೂ ಹಾಕ್ತಿರಲಿಲ್ಲ. ಈರುಳ್ಳಿ ಜಾಸ್ತಿ ಹಾಕು, ಸಾಕು.”

ತ್ರಿಮೂರ್ತಿಗಳು? ಅದು ಗಂಬೋಗೆ, ಅಂದರೆ ಇಲ್ಲಿಯ ಗಟ್ಟಿ ಸಾರಿಗೆ, ಅಂದರು. ಬೇರೆಯವರು ಹಾಕಿದರೆ ಹಾಕಿಕೊಳ್ಳಲಿ ಅಂದರು. ಪೈಪು ಎತ್ತಿಕೊಂಡು ಗಿಡಕ್ಕೆ ನೀರು ಹಾಕತೊಡಗಿದರು. ಆರು ವರ್ಷದಲ್ಲಿ ಎಷ್ಟು ಸಲ ನನ್ನ ಜಂಬಲಾಯ ತಿಂದಿಲ್ಲ ಈ ಮನುಷ್ಯ! ಒಂದು ಸಲವಾದರೂ ಬಾಯಿ ಬಿಡಬಾರದಿತ್ತಾ?

ಸಿಟ್ಟಲ್ಲಿ ಮನೆಗೆ ಬಂದು ಇದ್ದಬದ್ದ ಸೆಲರಿಯನ್ನೆಲ್ಲ ಕಸಕ್ಕೆ ಹಾಕಿದೆ. ಬರೆಯಬೇಕು ಅಂದುಕೊಂಡಿದ್ದ ದೊಡ್ಡ ಮಾತೂ ಅದರ ಜೊತೆಗೇ ಹೋಗಿರಬೇಕು, ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಈಗ ಇವರು ಅಡುಗೆಮನೆ ಕಿಟಕಿಯಲ್ಲಿದ್ದ ಒಂದು ಬಟ್ಟಲು ಹಿಡಿದುಕೊಂಡು ಬರುತ್ತಿದ್ದಾರೆ. ಹದಿನೈದು ದಿನದ ಹಿಂದೆ ನಾನು ಕತ್ತರಿಸಿ ಎಸೆದಿದ್ದ ಬುಡವನ್ನು ನೀರಲ್ಲಿ ಇಟ್ಟಿದ್ದರಂತೆ.

“ನೋಡೇ,” ಅನ್ನುತ್ತಿದ್ದಾರೆ, “ಚಿಗುರಿದೆ!”