ಸೋಫಾದ ಹಿಂದಿನ ಮೇಜಿಗೆ ನಾಲ್ಕು ಮುಖ

ಸೋಫಾದ ಬೆನ್ನಿಗೆ ತಾಗಿಸಿ ಇಡುವ ಉದ್ದನೆಯ, ಕಿರಿದಾದ ಕನ್ಸೋಲ್ ಟೇಬಲ್ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ಅದನ್ನು ಅಲಂಕರಿಸುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಗೋಡೆಗೆ ಒರಗಿಸಿದ ಮೇಜಿನ ಚಿತ್ರ ನೋಡಿಕೊಂಡು, ಅದೇ ಜೋಡಣೆಯನ್ನು ಹಾಲ್‌ನ ನಡುವೆ ತಂದು ನಿಲ್ಲಿಸುತ್ತಾರೆ. ಗೋಡೆಯ ಮೇಜನ್ನು ಮುಂದಿನಿಂದ ನೋಡಿದರೆ ಮುಗಿಯಿತು. ಸೋಫಾದ ಹಿಂದಿನದು ಹಾಗಲ್ಲ. ಬಾಗಿಲಿನಿಂದ ಒಳಬರುವವರಿಗೆ ಅದರ ಮಗ್ಗುಲು ಕಾಣುತ್ತದೆ. ಹಿಂದೆ ಓಡಾಡುವವರಿಗೆ ಕಾಲಿನಿಂದ ತಲೆಯವರೆಗೆ ಪೂರ್ತಿ ಕಾಣುತ್ತದೆ. ಎದುರು ಕುರ್ಚಿಯಲ್ಲಿ ಕೂತವರಿಗೆ ಸೋಫಾದ ಬೆನ್ನು ದಾಟಿ ಮೇಲೆದ್ದಿರುವ ಭಾಗ ಮಾತ್ರ. ಸೋಫಾದಲ್ಲೇ ಕೂತವರಿಗೆ ಏನೂ ಕಾಣುವುದಿಲ್ಲ, ಆದರೆ ತಲೆಗೆ ತಾಗುವುದು ಅವರಿಗೇ. ಮೇಜಿನ ಮೇಲೆ ಏನಿಡಬೇಕು, ಏನಿಡಬಾರದು ಎನ್ನುವುದೆಲ್ಲ ಈ ನಾಲ್ವರನ್ನು ಕೇಳಿ ತೀರ್ಮಾನಿಸಬೇಕಾದದ್ದು.

ಅಲಂಕಾರಕ್ಕೆ ಮುಂಚೆ ಅಳತೆ. ಅಳತೆ ತಪ್ಪಿದ ಮೇಜನ್ನು ಯಾವ ಹೂದಾನಿಯೂ ಕಾಪಾಡುವುದಿಲ್ಲ. ಮೇಜಿನ ಹಲಗೆ ಸೋಫಾದ ಬೆನ್ನಿಗೆ ಸಮನಾಗಿರಬೇಕು, ಇಲ್ಲವೇ ಒಂದೆರಡು ಇಂಚು ತಗ್ಗಿರಬೇಕು. ಮೇಲೆದ್ದರೆ ಹಲಗೆಯ ಅಂಚು ಎದುರಿನಿಂದ ಎದ್ದು ಕಾಣುತ್ತದೆ, ಹಿಂದಕ್ಕೆ ಒರಗಿದವರ ತಲೆ ಅದೇ ಅಂಚಿಗೆ ಬಡಿಯುತ್ತದೆ. ಸಿದ್ಧ ಕನ್ಸೋಲ್‌ಗಳು ಸಾಮಾನ್ಯವಾಗಿ 28ರಿಂದ 32 ಇಂಚು ಎತ್ತರ ಇರುತ್ತವೆ. ಈಗಿನ ತಗ್ಗು ಸೋಫಾಗಳ ಬೆನ್ನು ಕೆಲವೊಮ್ಮೆ 26–27 ಇಂಚಿಗೇ ಮುಗಿಯುತ್ತದೆ. ಹಾಗಾಗಿ ಮೇಜು ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಿರಿ, ಅದೂ ದಿಂಬಿನ ತುದಿಯವರೆಗಲ್ಲ, ಚೌಕಟ್ಟಿನ ತುದಿಯವರೆಗೆ. ದಿಂಬು ಬಳಸುತ್ತ ಬಳಸುತ್ತ ಕುಸಿಯುತ್ತದೆ, ಚೌಕಟ್ಟು ಹಾಗೇ ಇರುತ್ತದೆ.

ಉದ್ದದ ಲೆಕ್ಕ ಸುಲಭ: ಸೋಫಾದ ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲು. ಏಳಡಿಯ, ಅಂದರೆ 84 ಇಂಚಿನ ಸೋಫಾಕ್ಕೆ 56ರಿಂದ 63 ಇಂಚಿನ ಮೇಜು. ಸೋಫಾದಷ್ಟೇ ಉದ್ದ ಇಟ್ಟರೆ ಮೂಲೆಗಳು ಓಡಾಡುವವರ ಸೊಂಟಕ್ಕೆ ತಗಲುತ್ತವೆ. ಅಗಲ 10ರಿಂದ 14 ಇಂಚು. ಎಂಟಿಂಚಿನವು ನೋಡಲು ಚಂದ, ಆದರೆ ಮೇಲೆ ಲ್ಯಾಂಪ್ ಇಟ್ಟರೆ ಸ್ವಲ್ಪ ತಳ್ಳಿದರೂ ಅಲುಗಾಡುತ್ತವೆ. ಮೇಜಿನ ಹಿಂದೆ ನಡೆಯಲು 30 ಇಂಚು ಜಾಗ ಬೇಕೇ ಬೇಕು, 36 ಇದ್ದರೆ ಇಬ್ಬರು ಎದುರಾದಾಗ ಒಬ್ಬರು ಸರಿದು ನಿಲ್ಲಬಹುದು. ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಮೇಜಿನ ಆಕಾರ ಗುರುತು ಮಾಡಿ, ಎರಡು ದಿನ ಅದರ ಸುತ್ತ ಓಡಾಡಿ. ಟೇಪ್ ತುಳಿಯುತ್ತಿದ್ದೀರಿ ಎಂದಾದರೆ ಅಲ್ಲಿ ಮೇಜಿಗೆ ಜಾಗವಿಲ್ಲ. ಹೂದಾನಿಯ ಯೋಚನೆ ಆಮೇಲೆ.

ರಿಕ್ಲೈನರ್ ಸೋಫಾ ಇರುವವರು ಅದನ್ನು ಪೂರ್ತಿ ಹಿಂದಕ್ಕೆ ವಾಲಿಸಿ, ವಾಲಿದ ಬೆನ್ನಿನಿಂದ ಅಳತೆ ತೆಗೆಯಬೇಕು. ಕೆಲವಕ್ಕೆ ಒಂದಡಿಗಿಂತ ಹೆಚ್ಚು ಜಾಗ ಬೇಕಾಗುತ್ತದೆ. ಅಷ್ಟು ದೂರ ನಿಂತ ಮೇಜು ಸೋಫಾಕ್ಕೂ ಸೇರುವುದಿಲ್ಲ, ಗೋಡೆಗೂ ಸೇರುವುದಿಲ್ಲ. ಅಂಥವರು ಈ ಆಸೆ ಬಿಟ್ಟು ಪಕ್ಕದಲ್ಲೊಂದು ಸಣ್ಣ ಮೇಜು ಇಟ್ಟುಕೊಳ್ಳುವುದು ಮೇಲು. ಸಾಧಾರಣ ಸೋಫಾಕ್ಕೆ ಒಂದರಿಂದ ಎರಡು ಇಂಚಿನ ಸಂದಿ ಸಾಕು. ಆ ಸಂದಿ ಇಲ್ಲದಿದ್ದರೆ ಯಾರಾದರೂ ಧೊಪ್ಪನೆ ಕೂತಾಗಲೆಲ್ಲ ಸೋಫಾ ಮೇಜನ್ನು ಗುದ್ದುತ್ತದೆ, ಮೇಲಿನದೆಲ್ಲ ನಡುಗುತ್ತದೆ. ಸಂದಿ ಉಳಿಯಬೇಕಾದರೆ ಸೋಫಾದ ಕಾಲುಗಳ ಕೆಳಗೆ ರಬ್ಬರ್ ಪ್ಯಾಡ್ ಹಾಕಬೇಕು. ಎಷ್ಟೋ ಮನೆಗಳಲ್ಲಿ ಸೋಫಾ, ಮೇಜು ಎರಡಕ್ಕೂ ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ಪ್ಯಾಡ್ ಅಂಟಿಸಿರುತ್ತಾರೆ. ಫೆಲ್ಟ್ ಇರುವುದೇ ಜಾರಲು. ನಯವಾದ ಟೈಲ್ಸ್ ಮೇಲೆ ಸೋಫಾ ದಿನಕ್ಕಿಷ್ಟು ಹಿಂದೆ ಸರಿಯುತ್ತ ಹೋಗಲು ಅದೇ ಕಾರಣ.

ಈಗ ಮೇಜಿನ ಮೇಲಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಫೋಟೊ ಫ್ರೇಮ್‌ಗಳನ್ನು ಅಲ್ಲಿಂದ ತೆಗೆಯಿರಿ. ಫ್ರೇಮಿಗೆ ಬೆನ್ನಿದೆ: ಕಂದು ಹಲಗೆ, ತಗಡಿನ ಕೊಂಡಿ, ಊರುಗೋಲು. ಮುಖವನ್ನು ಎದುರಿಗೆ ತಿರುಗಿಸಿದರೆ ಹಿಂದೆ ನಡೆಯುವವರಿಗೆ ಬೆನ್ನು, ಹಿಂದಕ್ಕೆ ತಿರುಗಿಸಿದರೆ ಎದುರಿನವರಿಗೆ ಬೆನ್ನು. ಕನ್ನಡಿಗೂ, ಒಂದೇ ಬದಿ ಬಣ್ಣ ಹಚ್ಚಿದ ತಟ್ಟೆಗೂ, ಮುಂಭಾಗ ಮಾತ್ರ ಕೆತ್ತಿದ ಬೊಂಬೆಗೂ ಇದೇ ಮಾತು. ಇಲ್ಲಿಗೆ ಒಪ್ಪುವುದು ಸುತ್ತಲೂ ಒಂದೇ ಥರ ಕಾಣುವ ವಸ್ತು: ಗುಂಡನೆ ಹೂದಾನಿ, ಬಟ್ಟಲು, ಗಿಡದ ಕುಂಡ, ಎಲ್ಲ ದಿಕ್ಕಿನಿಂದ ಕೆತ್ತಿದ ಶಿಲ್ಪ, ಮುಚ್ಚಳದ ಡಬ್ಬಿ. ಪುಸ್ತಕ ಇಡುವುದಾದರೆ ನಿಲ್ಲಿಸದೆ ಮಲಗಿಸಿ, ದೊಡ್ಡದು ಕೆಳಗೆ, ಎರಡು ಮೂರು ಸಾಕು. ಅವುಗಳ ಬೆನ್ನು ಓಡಾಡುವ ಕಡೆಗಿರಲಿ. ಎದುರಿನವರಿಗೆ ಆ ಎತ್ತರದ್ದು ಹೇಗೂ ಕಾಣುವುದಿಲ್ಲ.

ಎತ್ತರದ ಲೆಕ್ಕ ಬರುವುದೂ ಇಲ್ಲೇ. ಹಲಗೆಗೂ ಸೋಫಾದ ಬೆನ್ನಿಗೂ ಎರಡು ಇಂಚಿನ ವ್ಯತ್ಯಾಸವಿದ್ದರೆ ಎರಡಿಂಚಿನೊಳಗಿನ ವಸ್ತುಗಳೆಲ್ಲ ಎದುರಿನಿಂದ ಮಾಯ. ಹಾಗಾಗಿ ಟ್ರೇ, ಬಟ್ಟಲು, ರಿಮೋಟಿನ ಡಬ್ಬಿ ಇವೆಲ್ಲ ಹಿಂದಿನಿಂದ ನೋಡುವವರಿಗೆ ಸೇರಿದ್ದು. ಎದುರಿನವರಿಗಾಗಿ ಎರಡು ಎತ್ತರ ಸಾಕು: 20ರಿಂದ 25 ಇಂಚಿನ ಒಂದೆರಡು ವಸ್ತು, 10ರಿಂದ 14 ಇಂಚಿನ ಇನ್ನೊಂದೆರಡು. ಎಲ್ಲವೂ ಹನ್ನೆರಡರ ಆಸುಪಾಸು ಇದ್ದರೆ ಸೋಫಾದ ಮೇಲೆ ಸಾಮಾನು ಸಾಲಾಗಿ ಕೂತ ಹಾಗಾಗುತ್ತದೆ, ಕಣ್ಣಿಗೆ ನಿಲ್ಲಲು ಜಾಗವೇ ಸಿಗುವುದಿಲ್ಲ. ಐದಡಿಯ ಮೇಜಿಗೆ ಒಟ್ಟು ಏಳಕ್ಕಿಂತ ಹೆಚ್ಚು ವಸ್ತು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಲಗೆಯ ಮೂರನೇ ಒಂದು ಭಾಗವಾದರೂ ಬರಿದಾಗಿರಲಿ, ಅದೂ ಒಂದೇ ಕಡೆ. ಅಲ್ಲಲ್ಲಿ ಹಂಚಿಹೋದ ಖಾಲಿ ಜಾಗ ಲೆಕ್ಕಕ್ಕೆ ಬರುವುದಿಲ್ಲ.

ಲ್ಯಾಂಪ್ ವಿಷಯ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಮೇಜಿನ ಮುಖ್ಯ ಉಪಯೋಗವೇ ಅದು. ಶೇಡಿನ ಕೆಳ ಅಂಚು ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 42ರಿಂದ 44 ಇಂಚಿಗೆ ಬರಬೇಕು. ಮೇಜು 30 ಇಂಚು ಇದ್ದರೆ ಲ್ಯಾಂಪಿನ ಬುಡದಿಂದ ಶೇಡಿನ ಅಂಚಿಗೆ 12–14 ಇಂಚು, ಶೇಡೂ ಸೇರಿ ಒಟ್ಟು 22ರಿಂದ 25 ಇಂಚು. ಇದಕ್ಕಿಂತ ಎತ್ತರವಾದರೆ ಬಲ್ಬಿನ ಬೆಳಕು ನೇರ ಕಣ್ಣಿಗೆ ಕುಕ್ಕುತ್ತದೆ. ಶೇಡಿನ ವ್ಯಾಸ ಮೇಜಿನ ಅಗಲವನ್ನು ಮೀರಬಾರದು. ಅಂಗಡಿಯಲ್ಲಿ ನೋಡುವಾಗ ಈ ವಿಷಯ ಯಾರಿಗೂ ಹೊಳೆಯುವುದಿಲ್ಲ. ಹತ್ತಿಂಚಿನ ಮೇಜಿನ ಮೇಲೆ ಹದಿನಾಲ್ಕಿಂಚಿನ ಶೇಡ್ ಇಟ್ಟರೆ ಎರಡೂ ಬದಿ ಎರಡೆರಡು ಇಂಚು ಆಚೆ ಚಾಚುತ್ತದೆ. ಒಂದು ಬದಿ ಕೂತವರ ತಲೆಗೆ, ಇನ್ನೊಂದು ಬದಿ ನಡೆಯುವವರ ತೋಳಿಗೆ. ಶೇಡ್ ಸೊಟ್ಟಗಾಗುವುದು ಹೀಗೇ.

ಇನ್ನೊಂದು ತೊಂದರೆ ಹಿಂದಿನಿಂದ. ನಿಂತು ನಡೆಯುವವರ ಕಣ್ಣು ಶೇಡಿನ ಮೇಲ್ಬಾಯಿಗಿಂತ ಎತ್ತರದಲ್ಲಿರುವುದರಿಂದ ಅವರಿಗೆ ಒಳಗಿನ ಬಲ್ಬ್ ಕಾಣುತ್ತದೆ. ಮೇಲ್ಬಾಯಿ ಕಿರಿದಾಗಿರುವ ಶೇಡ್, ತಂತಿ ಕಾಣುವ ಪಾರದರ್ಶಕ ಬಲ್ಬಿನ ಬದಲು ಹಾಲುಬಣ್ಣದ ಬಲ್ಬ್, ಇವೆರಡರಿಂದ ಆ ಕುಕ್ಕು ಬಹುಪಾಲು ತಗ್ಗುತ್ತದೆ. ಬೆಳಕಿನ ಬಣ್ಣ 2700 ಕೆಲ್ವಿನ್, ಅಂದರೆ ಬೆಚ್ಚನೆಯ ಹಳದಿ. ಎರಡು ಲ್ಯಾಂಪ್ ಇದ್ದರೆ ಒಂದೊಂದಕ್ಕೂ 400–500 ಲ್ಯೂಮೆನ್ (ಬಲ್ಬ್ ಕೊಡುವ ಬೆಳಕಿನ ಅಳತೆ), ಅಂದರೆ ಐದಾರು ವ್ಯಾಟಿನ ಎಲ್‌ಇಡಿ. ಓದುವ ಬೆಳಕು ಬೇಕಾದರೆ 800 ಲ್ಯೂಮೆನ್. ಓದುವವರ ತಲೆಯ ನೇರ ಹಿಂದೆ ಲ್ಯಾಂಪ್ ಇದ್ದರೆ ಪುಟದ ಮೇಲೆ ಅವರದೇ ನೆರಳು ಬೀಳುತ್ತದೆ. ಮೇಜಿನ ತುದಿಯಿಂದ ಆರೆಂಟು ಇಂಚು ಒಳಗೆ ಇಟ್ಟರೆ ಬೆಳಕು ಭುಜದ ಮೇಲಿಂದ ಇಳಿಯುತ್ತದೆ.

ಟಿವಿ ಎದುರಿಗಿದ್ದರೆ ಒಂದು ಪರೀಕ್ಷೆ ಮಾಡಲೇಬೇಕು. ರಾತ್ರಿ ಟಿವಿ ಆರಿಸಿ, ಲ್ಯಾಂಪ್ ಹಚ್ಚಿ, ಸೋಫಾದಲ್ಲಿ ಕೂತು ಕಪ್ಪು ಪರದೆ ನೋಡಿ. ಲ್ಯಾಂಪ್ ಅದರಲ್ಲಿ ಎಲ್ಲಿ ಕಾಣುತ್ತದೋ ಸಿನಿಮಾದ ಕತ್ತಲೆ ದೃಶ್ಯಗಳಲ್ಲೆಲ್ಲ ಅಲ್ಲೇ ಒಂದು ಹಳದಿ ಚುಕ್ಕೆ ಇರುತ್ತದೆ. ಲ್ಯಾಂಪನ್ನು ತುದಿಗೆ ಸರಿಸುತ್ತ ಆ ಬಿಂಬ ಪರದೆಯಿಂದ ಆಚೆ ಹೋಗುವ ಜಾಗ ಹುಡುಕಿ. ಸಿಗದಿದ್ದರೆ ಬಿಳಿ ಬಟ್ಟೆಯ ಶೇಡಿನ ಬದಲು ಬೆಳಕು ತೂರಿ ಬರದ ಗಾಢ ಬಣ್ಣದ ಶೇಡ್ ಹಾಕಿ. ಹೊಳೆಯುವ ಲೋಹ, ಗಾಜಿನ ಹೂದಾನಿಗಳೂ ಇದೇ ತೊಂದರೆ ಕೊಡುತ್ತವೆ. ಮಂಕು ಮೇಲ್ಮೈಯ ಮಣ್ಣು, ಮರ, ಕಲ್ಲು ಕೊಡುವುದಿಲ್ಲ.

ವೈರ್ ಮುಚ್ಚುವ ಉಪಾಯ ಮೊದಲೇ ಯೋಚಿಸದಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ, ಏಕೆಂದರೆ ಹಿಂಬದಿ ಪೂರ್ತಿ ಬಯಲು. ಎಕ್ಸ್‌ಟೆನ್ಷನ್ ಬಾಕ್ಸನ್ನು ನೆಲದಲ್ಲಿ ಬಿಡದೆ ಹಲಗೆಯ ತಳಕ್ಕೆ ಸ್ಕ್ರೂ ಹಾಕಿ ಕೂರಿಸಿ. ಲ್ಯಾಂಪಿನ ವೈರು ಅಲ್ಲಿಗೇ ಮುಗಿಯುತ್ತದೆ. ಅಲ್ಲಿಂದ ಒಂದೇ ಒಂದು ವೈರು ಸೋಫಾದ ಕಡೆಗಿರುವ ಮೇಜಿನ ಕಾಲಿಗೆ ಕ್ಲಿಪ್ ಹಿಡಿದು ಕೆಳಗಿಳಿಯಲಿ. ಗೋಡೆಯ ಪ್ಲಗ್ ದೂರವಿದ್ದರೆ ರಗ್ಗಿನ ಅಡಿಯಲ್ಲಿ ವೈರ್ ಹಾಯಿಸುವುದನ್ನು ದಯವಿಟ್ಟು ಮಾಡಬೇಡಿ. ತುಳಿತಕ್ಕೆ ಒಳಗಿನ ಎಳೆಗಳು ಮುರಿಯುತ್ತವೆ, ಶಾಖ ಹೊರಹೋಗಲು ದಾರಿಯಿರುವುದಿಲ್ಲ, ಬೆಂಕಿ ಹತ್ತುವವರೆಗೆ ಯಾರಿಗೂ ತಿಳಿಯುವುದಿಲ್ಲ. ನೆಲದಲ್ಲಿ ಪ್ಲಗ್ ಪಾಯಿಂಟ್ ಇಲ್ಲದ ಮನೆಗೆ ಚಾರ್ಜ್ ಮಾಡಿ ಬಳಸುವ ಲ್ಯಾಂಪೇ ಸರಿ.

ಗಿಡಗಳಲ್ಲಿ ಸ್ನೇಕ್ ಪ್ಲಾಂಟ್, ಜೀಜೀ (ZZ) ಪ್ಲಾಂಟ್ ಈ ಜಾಗಕ್ಕೆ ಹೇಳಿ ಮಾಡಿಸಿದವು. ನೆಟ್ಟಗೆ ಮೇಲಕ್ಕೆ ಬೆಳೆಯುತ್ತವೆ, ಕಡಿಮೆ ಬೆಳಕು ತಾಳಿಕೊಳ್ಳುತ್ತವೆ. ಮನಿ ಪ್ಲಾಂಟ್ ಬಳ್ಳಿಯಾಗಿ ಸೋಫಾದೊಳಕ್ಕೆ ಇಳಿದು ಕೂತವರ ಕತ್ತಿಗೆ ತಾಗುತ್ತದೆ, ಅದನ್ನು ಆಗಾಗ ಕತ್ತರಿಸುತ್ತಿರಬೇಕು. ಈ ಮೂರನ್ನೂ ಬೆಕ್ಕು, ನಾಯಿ, ಚಿಕ್ಕ ಮಕ್ಕಳು ಜಗಿಯಬಾರದು. ಅಂಥ ಮನೆಗಳಲ್ಲಿ ಒಣಗಿದ ಕಡ್ಡಿ, ಹುಲ್ಲಿನ ಗೊಂಚಲು ಸಾಕು. ಗಿಡವನ್ನು ನೇರ ಕುಂಡದಲ್ಲಿ ನೆಡದೆ ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿಟ್ಟು ಅದನ್ನು ಅಂದದ ಕುಂಡದೊಳಗೆ ಇಳಿಸಿ. ನೀರು ಹಾಕುವಾಗ ಒಳಗಿನದನ್ನು ಎತ್ತಿಕೊಂಡು ಹೋಗಿ, ನೀರು ಬಸಿದ ಮೇಲೆ ತಂದಿಡಿ. ಮಣ್ಣಿನ ಕುಂಡದ ತಳ ತೇವ ಹೀರಿ ಪಾಲಿಷ್ ಮೇಲೆ ಬಿಳಿ ಬಳೆ ಮೂಡಿಸುತ್ತದೆ, ಕೆಳಗೊಂದು ಕಾರ್ಕ್ ಬಿಲ್ಲೆ ಇರಲಿ. ಕಡ್ಡಿ ಅದ್ದಿಟ್ಟ ಸುಗಂಧದ ಸೀಸೆಯನ್ನು ಬರಿ ಮರದ ಮೇಲೆ ಇಡಲೇಬಾರದು. ಆ ಎಣ್ಣೆಯ ಒಂದು ಹನಿ ವಾರ್ನಿಷ್ಅನ್ನು ಮೆದು ಮಾಡಿ ಎಬ್ಬಿಸುತ್ತದೆ. ಉರಿಯುವ ಮೇಣದಬತ್ತಿ ಈ ಮೇಜಿಗೆ ಬೇಡವೇ ಬೇಡ: ಅದರ ಮುಂದೆ ಕೂದಲಿದೆ, ಪಕ್ಕದಲ್ಲಿ ಬಟ್ಟೆಯ ದಿಂಬಿದೆ, ಕಾಯುವ ಕಣ್ಣೆಲ್ಲ ಬೇರೆ ಕಡೆ ತಿರುಗಿವೆ.

ಕಿರಿದಾದ, ಎತ್ತರದ ಮೇಜು ಅಗಲದ ದಿಕ್ಕಿನಲ್ಲಿ ಬೇಗ ವಾಲುತ್ತದೆ. ಭಾರ ಕೆಳಗಿರಬೇಕು. ಕೆಳಹಲಗೆ ಇದ್ದರೆ ದಪ್ಪ ಪುಸ್ತಕ, ಹೊದಿಕೆ ತುಂಬಿದ ಬುಟ್ಟಿ ಅಲ್ಲಿಗೆ ಹೋಗಲಿ. ಎತ್ತರದ ಹೂದಾನಿಯ ತಳಕ್ಕೆ ಎರಡು ಮೂರು ಇಂಚು ಮರಳೋ ಬೆಣಚುಕಲ್ಲೋ ಹಾಕಿ, ಅಡಿಗೆ ನಾಲ್ಕು ಚೂರು ಮೆದು ಅಂಟುಮೇಣ ಒತ್ತಿ. ಮಕ್ಕಳಿರುವ ಮನೆಯಲ್ಲಿ ಮೇಜನ್ನು ಸೋಫಾದ ಮರದ ಚೌಕಟ್ಟಿಗೆ ಪಟ್ಟಿಯಿಂದ ಬಿಗಿಯಿರಿ. ಬಡಗಿಯಿಂದ ಮಾಡಿಸುವವರು ಒಂದು ಮಾತು ನೆನಪಿಡಿ: 18 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಐದಡಿ ಉದ್ದಕ್ಕೆ ಆಧಾರವಿಲ್ಲದೆ ನಿಂತರೆ ನಡುವೆ ಜೋಲುತ್ತದೆ. ಹಲಗೆಯಡಿ ಉದ್ದಕ್ಕೂ ಎರಡಿಂಚಿನ ಪಟ್ಟಿ ಹಾಕಿಸಿ, ಇಲ್ಲವೇ ನಡುವೆ ಇನ್ನೊಂದು ಕಾಲು ಕೊಡಿಸಿ.

ಮೇಜಿನ ಕೆಳಗೆ ಗುಂಡನೆ ಪೂಫ್ (ಮೆತ್ತನೆಯ ತಗ್ಗು ಆಸನ) ಇಡುವ ಚಿತ್ರಗಳು ಎಲ್ಲೆಡೆ ಇವೆ. ಪೂಫ್‌ಗಳ ವ್ಯಾಸ 16–18 ಇಂಚು, ಮೇಜಿನ ಅಗಲ 12. ಉಳಿದ ನಾಲ್ಕಾರು ಇಂಚು ಓಡಾಡುವ ದಾರಿಗೆ ಚಾಚಿ ಕಾಲಿಗೆ ಸಿಗುತ್ತದೆ. ಮೇಜಿನಷ್ಟೇ ಅಗಲದ, ತಮ್ಮ ಬಾಯಿಗೂ ಮೇಲಿನ ಹಲಗೆಗೂ ನಡುವೆ ಎರಡಿಂಚು ಸಂದಿ ಬಿಡುವ ಬುಟ್ಟಿಗಳು ಇದಕ್ಕಿಂತ ಒಳ್ಳೆಯವು. ಆ ಸಂದಿ ಕೈ ಹಾಕಿ ಎಳೆಯಲು.

ಸೋಫಾವನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದು ಆ ಸಂದಿಯಲ್ಲಿ ಮೇಜು ಇಟ್ಟಿದ್ದರೆ ಮೇಲೆ ಹೇಳಿದ್ದರಲ್ಲಿ ಅರ್ಧ ಅನ್ವಯಿಸುವುದಿಲ್ಲ. ಅಲ್ಲಿ ಫ್ರೇಮ್ ಇಡಬಹುದು, ಕೆಳಗೆ ಏನೂ ಇಡಬೇಕಾಗಿಲ್ಲ. ಆದರೆ ಕಿಟಕಿಯ ಪರದೆ ಲ್ಯಾಂಪಿಗೆ ತಾಗದಂತೆ ನೋಡಿಕೊಳ್ಳಿ, ಪ್ಲಗ್ಗಿಗೆ ಕೈ ಹೋಗುವಷ್ಟು ಜಾಗ ಬಿಡಿ.

ಜೋಡಿಸುವ ಕ್ರಮ ಹೀಗಿರಲಿ. ಮೇಜು ಪೂರ್ತಿ ಖಾಲಿ ಮಾಡಿ. ಮೊದಲು ಲ್ಯಾಂಪ್, ವೈರ್ ಸಮೇತ. ಒಂದೇ ಲ್ಯಾಂಪ್ ಆದರೆ ಇನ್ನೊಂದು ತುದಿಗೆ ಅದಕ್ಕಿಂತ ನಾಲ್ಕಾರು ಇಂಚು ತಗ್ಗಿನ ಗಿಡ. ಆಮೇಲೆ ಟ್ರೇ, ನಡುವಿಗೆ ಸರಿಯಾಗಿ ಅಲ್ಲ, ಲ್ಯಾಂಪಿನ ಕಡೆಗೆ ಸ್ವಲ್ಪ ವಾಲಿ. ಚಿಕ್ಕ ವಸ್ತುಗಳೆಲ್ಲ ಟ್ರೇಯೊಳಗೇ ಇರಲಿ. ಪ್ರತಿಯೊಂದನ್ನು ಇಟ್ಟ ಮೇಲೂ ಬಾಗಿಲಿಗೆ, ಎದುರು ಕುರ್ಚಿಗೆ, ಮೇಜಿನ ಹಿಂದಕ್ಕೆ ಹೋಗಿ ಫೋನಿನಲ್ಲಿ ಫೋಟೊ ತೆಗೆಯಿರಿ. ಕಣ್ಣು ಒಗ್ಗಿಕೊಂಡು ಬಿಟ್ಟುಬಿಡುವುದನ್ನು ಫೋಟೊ ಹಿಡಿದು ತೋರಿಸುತ್ತದೆ. ಕೊನೆಗೆ ಸೋಫಾದಲ್ಲಿ ಕೂತು ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಎರಡೂ ಕೈ ಸೋಫಾದ ಬೆನ್ನಿನ ಮೇಲೆ ಚಾಚಿ. ಕೈಗೋ ತಲೆಗೋ ತಾಗಿದ ವಸ್ತುವನ್ನು ಓಡಾಡುವ ದಾರಿಯ ಕಡೆಗೆ ಸರಿಸಿ, ಸರಿಸಲು ಜಾಗ ಇಲ್ಲದಿದ್ದರೆ ತೆಗೆದುಬಿಡಿ.