ವಿಮ್ ನಿಂತೋಗಿಲ್ಲ, ಸ್ವಲ್ಪ ತಡೀರಿ

ಕೋಡ್ ಬರೆಯೋಕೆ ಬಳಸೋ ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್‌ನ ಮಾಡಿದ ಬ್ರಾಮ್ ಮೂಲೆನಾರ್ ತೀರ್ಕೊಂಡ ಮೇಲೆ ಅದರ ಕೆಲಸ ನಿಂತೋಯ್ತು, ಎಲ್ರೂ ಈಗ್ಲೇ ನಿಯೋವಿಮ್‌ಗೆ ಹೋಗಿ, ಹಳೇ ಸೆಟ್ಟಿಂಗ್ ಹಂಗೇ ಬರುತ್ತೆ ಅಂತ ಒಂದು ಮೆಸೇಜ್ ಓಡಾಡ್ತಿದೆ. ತಪ್ಪು. ಬ್ರಾಮ್ ತೀರ್ಕೊಂಡಿದ್ದು 2023ರ ಆಗಸ್ಟಲ್ಲಿ, ವಿಮ್ 9.1 ವರ್ಷನ್ ಬಂದಿದ್ದು 2024ರ ಜನವರೀಲಿ, ಅದನ್ನ ಅವರಿಗೇ ಅರ್ಪಿಸಿದಾರೆ, ಆಮೇಲೂ ಪ್ಯಾಚ್‌ಗಳು, ಅಂದ್ರೆ ಸಣ್ಣ ತಿದ್ದುಪಡಿಗಳು, ಬಂದಿವೆ. ನಿಯೋವಿಮ್ 2014ರಲ್ಲೇ ವಿಮ್ ಕೋಡಿಂದ ಕವಲೊಡೆದ ಬೇರೆ ಪ್ರಾಜೆಕ್ಟು, ಚೆನ್ನಾಗೇ ಇದೆ, ಬೈತಿಲ್ಲ ನಾನು. ಆದ್ರೆ ಅದು ನಿಮ್ಮ ವಿಮ್ ಸೆಟ್ಟಿಂಗ್ ಇರೋ ವಿಮ್‌ಆರ್‌ಸಿ ಫೈಲನ್ನ ತಾನಾಗೇ ಓದಲ್ಲ, ನಿಯೋವಿಮ್‌ನ ಸ್ವಂತ ಸೆಟ್ಟಿಂಗ್ ಫೈಲಲ್ಲಿ (ಇನಿಟ್) ಆ ಹಳೇ ಫೈಲನ್ನ ಓದು ಅಂತ ಹೇಳೋ ಒಂದು ಸೋರ್ಸ್ ಲೈನ್ ಹಾಕ್ಬೇಕು, ಹಾಕಿದ್ರೂ ವಿಮ್‌ನ ಹೊಸ ಸ್ಕ್ರಿಪ್ಟ್ ಭಾಷೆ ವಿಮ್9 ಸ್ಕ್ರಿಪ್ಟಲ್ಲಿ ಬರೆದಿರೋದು ಅಲ್ಲಿ ಓಡಲ್ಲ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆದ್ರೆ ಹೆಚ್ಚಾಗಿ ಕೈಗೆ ಸಿಗೋದು ವಿಮ್‌ಗೂ ಮುಂಚಿನ ಹಳೇ ಎಡಿಟರ್ ವಿಐ, ಇಲ್ಲಾ ವಿಮ್ಮೇ, ಹಾಗಾಗಿ ಹಳೇ ವಿಮ್‌ಆರ್‌ಸಿ ಫೈಲ್ ಡಿಲೀಟ್ ಮಾಡ್ಬೇಡ್ರಪ್ಪಾ.